ಮಾಕಳಿ ಬಳ್ಳಿಯನ್ನು ಬೀಜದಿಂದ ಬೆಳೆಸಿದ್ದು

ಮಾಕಳಿ ಬೇರಿನ ಉಪ್ಪಿನಕಾಯಿ ತಿಂದವರು ಬಹಳ ಜನ. ಆ ಬಳ್ಳಿಯ ಹೂವು ನೋಡಿದವರು ಕಡಿಮೆ. ಹಳದಿ ಮಿಶ್ರಿತ ಬಿಳಿ ಬಣ್ಣದ ಪುಟ್ಟ ಹೂವು, ಎಲೆ ಮರೆಯಲ್ಲಿ ಗೊಂಚಲಾಗಿ ಬಿಡುತ್ತದೆ. ದಕ್ಷಿಣ ಭಾರತದ ಒಣ ಬೆಟ್ಟಗಳನ್ನು ಬಿಟ್ಟರೆ ಈ ಬಳ್ಳಿ ಬೇರೆ ಯಾವ ಕಾಡಿನಲ್ಲೂ ಇಲ್ಲ. ಕುರುಚಲು ಗಿಡ, ಬಂಡೆ ಸಂದು, ಕಲ್ಲುಮಣ್ಣು ಇರುವ ಕಡೆ ಹಬ್ಬುತ್ತದೆ. ದುಡ್ಡು ತರುವುದು ಬೇರು. ಹಾಗಾಗಿ ಬುಡಸಮೇತ ಅಗೆಯುತ್ತಾರೆ. ಅಗೆದ ಬಳ್ಳಿಯಲ್ಲಿ ಹೂವೂ ಇಲ್ಲ, ಬೀಜವೂ ಇಲ್ಲ. ಇದಕ್ಕೇ ನಾನು ಬೀಜದ ಕೆಲಸಕ್ಕೆ ಕೈಹಾಕಿದ್ದು.

ಬೀಜ ಹಿಡಿಯುವುದೇ ಕಷ್ಟ. ಬೇಸಿಗೆ ಮಳೆಯ ಆಸುಪಾಸಿನಲ್ಲಿ ಹೂವು, ಚಳಿ ಮುಗಿಯುವ ಹೊತ್ತಿಗೆ ಕಾಯಿ ಒಣಗುತ್ತದೆ. ಎತ್ತಿನ ಕೋಡಿನ ಹಾಗೆ ಎರಡೆರಡು ಕಾಯಿ ಜೋಡಿಯಾಗಿರುತ್ತವೆ. ಎಕ್ಕದ ಕುಟುಂಬದ ಬಳ್ಳಿಯಾದ್ದರಿಂದ ಒಂದೊಂದು ಬೀಜದ ತುದಿಯಲ್ಲೂ ಬಿಳಿ ರೇಷ್ಮೆ ಎಳೆಗಳ ಕುಚ್ಚು. ಕಾಯಿ ಬಾಯಿ ಬಿಟ್ಟರೆ ಎಲ್ಲವೂ ಗಾಳಿಪಾಲು. ಅದಕ್ಕೇ ಹಸಿರು ಕಾಯಿ ಕಂದು ಬಣ್ಣಕ್ಕೆ ತಿರುಗುವ ಮೊದಲೇ ತೆಳು ಬಟ್ಟೆ ಚೀಲ ಕಟ್ಟುತ್ತೇನೆ. ಕಾಯಿ ಕಿತ್ತು ತಂದು ಮನೆಯಲ್ಲಿ ಒಣಗಿಸುವುದಿಲ್ಲ, ಬಲಿಯದ ಬೀಜ ಸುಮ್ನೆ ವ್ಯರ್ಥ. ಇರುವ ಕಾಯಿಗೆಲ್ಲ ಚೀಲ ಕಟ್ಟುವುದೂ ಇಲ್ಲ. ಕಾಡಿನ ಪಾಲು ಕಾಡಿಗೇ ಇರಬೇಕು, ಅಲ್ವಾ?

ಒಂದೇ ಬಳ್ಳಿಯಿಂದ ಬೀಜ ತಂದು ಸಾವಿರ ಸಸಿ ಮಾಡಿದರೂ ಅವೆಲ್ಲ ಒಂದೇ ತಾಯಿಯ ಮಕ್ಕಳು. ಬೇರೆ ಬೇರೆ ಗುಡ್ಡದ ಮಗ್ಗುಲಿನ ಬಳ್ಳಿಗಳಿಂದ ಸ್ವಲ್ಪ ಸ್ವಲ್ಪ ತರುತ್ತೇನೆ. ನೆಡುವಾಗಲೂ ಅವನ್ನು ಹತ್ತಿರ ಹತ್ತಿರ ಬೆರೆಸಿ ನೆಡುತ್ತೇನೆ. ಈ ಹೂವಿನ ಪರಾಗ ಗಾಳಿಗೆ ಹಾರುವಂಥದ್ದಲ್ಲ. ಚಮಚದಂಥ ಪುಟ್ಟ ಭಾಗದ ಮೇಲೆ ಕೂತಿರುತ್ತದೆ. ಅದರ ಅಂಟು ಬುಡ ಕೀಟದ ಮೈಗೆ ಹತ್ತಿಕೊಂಡು ಇನ್ನೊಂದು ಹೂವಿಗೆ ಹೋಗಬೇಕು. ಬಳ್ಳಿಗಳು ದೂರ ದೂರ ಉಳಿದಷ್ಟೂ ಕಾಯಿ ಕಟ್ಟುವ ಅವಕಾಶ ಕಡಿಮೆ.

ಬೀಜ ಹೊಸದಿರುವಾಗಲೇ ಬಿತ್ತಬೇಕು. ಇಟ್ಟಷ್ಟೂ ಮೊಳಕೆ ಕಡಿಮೆಯಾಗುತ್ತದೆ. ಎಳೆ ತೆಗೆದು, ಮರಳು ಜಾಸ್ತಿ ಬೆರೆಸಿದ ಮಣ್ಣಿನಲ್ಲಿ ಮೇಲೆಮೇಲೆ ಬಿತ್ತಿ, ಅರೆನೆರಳಿನಲ್ಲಿ ಇಡುತ್ತೇನೆ. ನೀರು ನಿಂತರೆ ಎಳೆ ಬೇರು ಕೊಳೆಯುತ್ತದೆ. ಎಲೆ ನಾಲ್ಕಾದ ಮೇಲೆ ಎತ್ತರದ ಚೀಲಕ್ಕೆ ಬದಲಿಸುತ್ತೇನೆ. ಮುಂಗಾರು ಹಿಡಿದ ಮೇಲೆ ಗುಡ್ಡದ ಇಳಿಜಾರಿನಲ್ಲಿ, ಹಬ್ಬಲು ಒಂದು ಪೊದೆ ಇರುವ ಕಡೆಯೇ ನೆಡುವುದು. ಕಂಬ ನೆಟ್ಟು ಹಬ್ಬಿಸುವುದಕ್ಕಿಂತ ಪೊದೆಯೇ ಮೇಲು, ಬೇಸಿಗೆಯಲ್ಲಿ ಬುಡಕ್ಕೆ ನೆರಳೂ ಸಿಗುತ್ತದೆ. ಮೊದಲ ಬೇಸಿಗೆ ದಾಟಿದ ಸಸಿಯ ಬಗ್ಗೆ ಅಷ್ಟು ಚಿಂತೆಯಿಲ್ಲ. ಬೇರಿನಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ.

ಉಪ್ಪಿನಕಾಯಿಗೆ ಬೇರು ಬೇಡವೇ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೊಲದ ಬೇಲಿಯಲ್ಲಿ ನೆಡಲು ಸಸಿ ಕೊಡುತ್ತೇನೆ. ಬೇರು ದಪ್ಪವಾಗಲು ಕೆಲವು ವರ್ಷ ಕಾಯಬೇಕು. ಆಮೇಲೂ ಒಂದು ಪಕ್ಕದ ಮಣ್ಣು ಬಿಡಿಸಿ ಪಕ್ಕದ ಬೇರುಗಳನ್ನಷ್ಟೇ ಕತ್ತರಿಸಿ, ನಡುಬೇರು ಮುಟ್ಟದೆ ಮತ್ತೆ ಮಣ್ಣು ಮುಚ್ಚಲು ತೋರಿಸಿಕೊಡುತ್ತೇನೆ.