ಎಕ್ಸ್‌ಪ್ರೆಸ್‌ನಲ್ಲಿ ಪೋಸ್ಟ್ ಡೇಟಾ ಸಿಗದಿದ್ದಾಗ

ನೋಡ್‌ನ ವೆಬ್ ಫ್ರೇಮ್‌ವರ್ಕ್ ಆದ ಎಕ್ಸ್‌ಪ್ರೆಸ್‌ನಲ್ಲಿ ಬರೆದ ಸರ್ವರ್ ಸರಿಯಾಗಿ ಶುರುವಾಗುತ್ತಿತ್ತು, ಗೆಟ್ ರೂಟ್‌ಗಳೆಲ್ಲ ಉತ್ತರಿಸುತ್ತಿದ್ದವು. ಪೋಸ್ಟ್ ಕಳಿಸಿದರೆ ಮಾತ್ರ ರೆಕ್.ಬಾಡಿ, ಅಂದರೆ ಕಳಿಸಿದ ಡೇಟಾ ಸಿಗಬೇಕಾದ ಜಾಗ, ಅನ್‌ಡಿಫೈನ್ಡ್.

ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದ್ದು, ಪೋರ್ಟ್ ಬದಲಿಸಿದ್ದು, ಬಾಡಿ-ಪಾರ್ಸರ್ ಪ್ಯಾಕೇಜನ್ನು ಬೇರೆಯಾಗಿ ಹಾಕಿದ್ದು, ಯಾವುದೂ ಫಲಿಸಲಿಲ್ಲ. ಆ ಪ್ಯಾಕೇಜ್ ಬೇಕಾಗಿಯೂ ಇಲ್ಲ, 4.16 ಆವೃತ್ತಿಯಿಂದ ಜೇಸನ್ ಡೇಟಾ ಓದುವ ಪಾರ್ಸರ್ ಎಕ್ಸ್‌ಪ್ರೆಸ್‌ನೊಳಗೇ ಇದೆ.

ತಪ್ಪಿದ್ದದ್ದು ಸಾಲುಗಳ ಕ್ರಮದಲ್ಲಿ. ಎಕ್ಸ್‌ಪ್ರೆಸ್ ಮಿಡಲ್‌ವೇರ್‌ಗಳನ್ನು (ಬಂದ ವಿನಂತಿಯನ್ನು ಒಂದೊಂದಾಗಿ ಸಂಸ್ಕರಿಸುವ ಫಂಕ್ಷನ್‌ಗಳನ್ನು) ಬರೆದಂತೆಯೇ ಮೇಲಿನಿಂದ ಕೆಳಗೆ ಓಡಿಸುತ್ತದೆ. ಆ್ಯಪ್.ಯೂಸ್(ಎಕ್ಸ್‌ಪ್ರೆಸ್.ಜೇಸನ್()) ಸಾಲು ರೂಟ್‌ಗಳ ಕೆಳಗಿದ್ದರೆ, ರೂಟ್ ಓಡುವ ಹೊತ್ತಿಗೆ ಬಾಡಿಯನ್ನು ಯಾರೂ ಓದಿರುವುದಿಲ್ಲ. ಮೊದಲು ಆ್ಯಪ್ ರಚಿಸಿ, ಅದರ ಕೆಳಗೇ ಈ ಸಾಲು ಬರೆಯಿರಿ. ರೂಟ್‌ಗಳು ಆಮೇಲೆ. ಎರರ್ ಹಿಡಿಯುವ, ನಾಲ್ಕು ಆರ್ಗ್ಯುಮೆಂಟ್‌ಗಳ ಹ್ಯಾಂಡ್ಲರ್ ರೂಟ್‌ಗಳೆಲ್ಲ ಮುಗಿದ ಮೇಲೆಯೇ.

ಇಷ್ಟು ಮಾಡಿದರೂ, ಕಮಾಂಡ್ ಲೈನ್‌ನಿಂದ ವಿನಂತಿ ಕಳಿಸುವ ಕರ್ಲ್‌ನಿಂದ ಪರೀಕ್ಷಿಸುವಾಗ ಎಡವುವುದು ಹೆಡರ್‌ನಲ್ಲಿ. ಕರ್ಲ್ ತಾನಾಗಿ ಡೇಟಾವನ್ನು ಫಾರ್ಮ್ ಎಂದೇ ಗುರುತಿಸಿ ಕಳಿಸುತ್ತದೆ, ಜೇಸನ್ ಪಾರ್ಸರ್ ಅದನ್ನು ಮುಟ್ಟುವುದೇ ಇಲ್ಲ. ಕಂಟೆಂಟ್-ಟೈಪ್ ಹೆಡರ್‌ಗೆ ಆ್ಯಪ್ಲಿಕೇಶನ್/ಜೇಸನ್ ಎಂದು ಕೊಡಲೇಬೇಕು. ಜಾವಾಸ್ಕ್ರಿಪ್ಟ್‌ನ ಫೆಚ್ ಫಂಕ್ಷನ್‌ನಲ್ಲೂ ಹಾಗೆಯೇ: ಸ್ಟ್ರಿಂಗ್ ಕಳಿಸಿದರೆ ಅದು ಟೆಕ್ಸ್ಟ್/ಪ್ಲೇನ್ ಆಗಿ ಹೋಗುತ್ತದೆ. ಹೆಡರ್ ತಪ್ಪಿದರೆ ಎಕ್ಸ್‌ಪ್ರೆಸ್ 4 ಖಾಲಿ ಆಬ್ಜೆಕ್ಟ್ ಕೊಡುತ್ತದೆ, 5 ಅನ್‌ಡಿಫೈನ್ಡ್ ಕೊಡುತ್ತದೆ.

413 ಎರರ್ ಬಂದರೆ ಡೇಟಾ ಪಾರ್ಸರ್‌ನ ಡೀಫಾಲ್ಟ್ ಮಿತಿಯಾದ 100 ಕೆಬಿ ದಾಟಿದೆ ಎಂದರ್ಥ. ಜೇಸನ್ ಪಾರ್ಸರ್‌ನ ಲಿಮಿಟ್ ಆಯ್ಕೆಯನ್ನು 1 ಎಂಬಿಗೆ ಏರಿಸಿ.