ನೀಲಿ ಮರಿಗಳೇ ಬೇಕಾ? ಜೋಡಿ ಹೀಗೆ ಕಟ್ಟಿ

ನೀಲಿ (ನೋಡಲು ನೀಲಿ ಛಾಯೆಯ ಬೂದು) ಹುಂಜಕ್ಕೆ ನೀಲಿ ಹೇಂಟೆಯನ್ನೇ ಬಿಟ್ಟರೆ ಮರಿಗಳೂ ಎಲ್ಲ ನೀಲಿಯೇ ಆಗಬೇಕು, ಅಲ್ವಾ? ಆಗುವುದಿಲ್ಲ. ಸರಾಸರಿ ನಾಲ್ಕರಲ್ಲಿ ಎರಡು ಮಾತ್ರ ನೀಲಿ. ಒಂದು ಕಪ್ಪು. ಇನ್ನೊಂದು ಮಾಸಲು ಬಿಳಿ, ಮೇಲೆ ಅಲ್ಲಲ್ಲಿ ಬೂದು ಚುಕ್ಕೆ. ಸಾಕುವವರು ಇದನ್ನು ಸ್ಪ್ಲ್ಯಾಶ್ ಅನ್ನುತ್ತಾರೆ. ಆಂಡಲೂಸಿಯನ್ ಎಂಬ ಕೋಳಿ ತಳಿಯ ಈ ಒಗಟನ್ನು ಬಿಡಿಸಿದವರು ಬ್ರಿಟನ್ನಿನ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್, 1900ರ ದಶಕದಲ್ಲಿ.

ಲೆಕ್ಕ ಸುಲಭ. ಮರಿಗೆ ಈ ಬಣ್ಣ ನಿರ್ಧರಿಸುವ ಜೀನ್ ಅಪ್ಪನಿಂದೊಂದು, ಅಮ್ಮನಿಂದೊಂದು ಬರುತ್ತದೆ. ನೀಲಿ ಜೀನ್ ಒಂದೂ ಬರದಿದ್ದರೆ ಕಪ್ಪು, ಒಂದು ಬಂದರೆ ನೀಲಿ, ಎರಡೂ ಬಂದರೆ ಸ್ಪ್ಲ್ಯಾಶ್. ಅಂದರೆ ನೀಲಿ ಮರಿಗಳೇ ಬೇಕಿದ್ದರೆ ನೀಲಿ ಕೋಳಿಯೇ ಬೇಡ! ಕಪ್ಪಿಗೆ ಸ್ಪ್ಲ್ಯಾಶ್ ಜೋಡಿ ಮಾಡಿ, ಎಲ್ಲವೂ ನೀಲಿಯೇ. ನೀಲಿಗೆ ಕಪ್ಪು ಹಾಕಿದರೆ ಅರ್ಧ ನೀಲಿ, ಅರ್ಧ ಕಪ್ಪು.

ಮೊದಲ ಕೆಲಸ, ಹೇಂಟೆಯನ್ನು ಬೇರೆ ಹುಂಜಗಳಿಂದ ದೂರ ಇಡುವುದು. ಒಮ್ಮೆ ಕೂಡಿದ ಹುಂಜದ ವೀರ್ಯ ಅದರ ಹೊಟ್ಟೆಯಲ್ಲಿ ಎರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ಉಳಿಯುತ್ತದೆ. ಮೂರು ವಾರ ಕಾಯಿರಿ. ಇಲ್ಲಿ ಆತುರಪಟ್ಟರೆ ಮುಂದಿನ ಲೆಕ್ಕವೆಲ್ಲ ಸುಳ್ಳು.

ಆಮೇಲೆ ಆರಿಸಿದ ಹುಂಜವನ್ನು ಬಿಡಿ. ಮೊಟ್ಟೆ ಮೇಲೆ ಜೋಡಿಯ ಗುರುತನ್ನು ಪೆನ್ಸಿಲ್‌ನಲ್ಲಿ ಬರೆದು ಕಾವಿಗೆ ಇಡಿ. 21 ದಿನಕ್ಕೆ ಮರಿ. ನವಿರು ಒಣಗಿದ ಮೇಲೆ ನೋಡಿ: ನೀಲಿಯಾಗುವುದು ಬೂದು, ಸ್ಪ್ಲ್ಯಾಶ್ ಆಗುವುದು ತೀರಾ ತಿಳಿ ಬಣ್ಣ. ಕಪ್ಪು ಮರಿಯ ಹೊಟ್ಟೆ ಬೆಳ್ಳಗಿದ್ದರೆ ಗಾಬರಿ ಬೇಡ, ಪುಕ್ಕ ಬಂದಾಗ ಅದು ಹೋಗುತ್ತದೆ. ಕಾಲಿಗೆ ಉಂಗುರವನ್ನು ಅದೇ ದಿನ ಹಾಕಿ.

ಗೊಂದಲ ಶುರುವಾಗುವುದು ಲ್ಯಾವೆಂಡರ್ ಎಂಬ ಇನ್ನೊಂದು ಬಣ್ಣದ ಕೋಳಿಯಲ್ಲಿ. ಅದೂ ತಿಳಿ ಬೂದು, ಆದರೆ ಜೀನೇ ಬೇರೆ. ಎರಡು ಪ್ರತಿ ಸೇರಿದರೆ ಮಾತ್ರ ಬಣ್ಣ ಕಾಣುತ್ತದೆ, ಒಂದಿದ್ದರೆ ಅಡಗಿ ಕೂರುತ್ತದೆ. ಲ್ಯಾವೆಂಡರ್‌ಗೆ ಅಪ್ಪಟ ಕಪ್ಪು ಕೋಳಿ ಹಾಕಿದರೆ ಮರಿಗಳೆಲ್ಲ ಕಪ್ಪು. ಸುಮ್ನೆ ಮಾರಿಬಿಡಬೇಡಿ! ಅವುಗಳನ್ನು ಮತ್ತೆ ಲ್ಯಾವೆಂಡರ್‌ಗೆ ಹಾಕಿದರೆ ಅರ್ಧದಷ್ಟು ಮರಿ ಲ್ಯಾವೆಂಡರ್. ಈ ಸುತ್ತುದಾರಿ ನನಗಂತೂ ಇಷ್ಟ. ಲ್ಯಾವೆಂಡರ್‌ಗೆ ಲ್ಯಾವೆಂಡರನ್ನೇ ಹಾಕುತ್ತಾ ಹೋದ ಸಾಲುಗಳಲ್ಲಿ ಬಾಲದ ಗರಿ ಎಳೆ ಎಳೆಯಾಗಿ ಹರಿಯುವುದುಂಟು. ನಡುವೆ ಒಳ್ಳೆ ಗರಿಯ ಕಪ್ಪು ಕೋಳಿ ಸೇರಿಸಿದರೆ ಅದನ್ನು ತಿದ್ದಿಕೊಳ್ಳಬಹುದು.

ಪಟ್ಟೆ ಗರಿಯದು ಇನ್ನೊಂದು ಆಟ. ಆ ಜೀನ್ ಲಿಂಗ ನಿರ್ಧರಿಸುವ ಝಡ್ ಕ್ರೋಮೋಸೋಮಿನಲ್ಲಿದೆ. ಹುಂಜಕ್ಕೆ ಝಡ್ ಎರಡು, ಹೇಂಟೆಗೆ ಒಂದೇ. ಆ ಒಂದನ್ನು ಅದು ಗಂಡುಮರಿಗಷ್ಟೇ ಕೊಡುತ್ತದೆ. ಹಾಗಾಗಿ ಪಟ್ಟೆ ಹೇಂಟೆಗೆ ಕಪ್ಪು ಹುಂಜ ಬಿಟ್ಟರೆ ಗಂಡುಮರಿಗಳ ನೆತ್ತಿ ಮೇಲೆ ಪಟ್ಟೆ ಜೀನಿನ ಗುರುತಾದ ಬಿಳಿ ಮಚ್ಚೆ, ಹೆಣ್ಣಿಗೆ ಇಲ್ಲ. ಹುಟ್ಟಿದ ದಿನವೇ ಗಂಡು ಹೆಣ್ಣು ಬೇರ್ಪಡಿಸಬಹುದು. ಜೋಡಿ ತಿರುಗಾಮುರುಗಾ ಆಗಿ ಅಪ್ಪಟ ಪಟ್ಟೆ ಹುಂಜವನ್ನು ಕಪ್ಪು ಹೇಂಟೆಗೆ ಬಿಟ್ಟರೆ ಮಚ್ಚೆ ಎಲ್ಲ ಮರಿಗೂ ಬರುತ್ತದೆ, ಗುರುತು ಹಿಡಿಯಲು ಕೂಗುವವರೆಗೆ ಕಾಯಬೇಕಾದೀತು.