ಮನೆಯ ಬೈಬಲ್ ಅಧ್ಯಯನ ಇಷ್ಟು ವರ್ಷ ಹೇಗೆ ನಡೆಯಿತು

ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಬೈಬಲ್ ಅಧ್ಯಯನ ನಡೆಯುತ್ತದೆ. ಶುರುವಾದಾಗ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ ಮಕ್ಕಳು ಈಗ ತಾವೇ ಅಧ್ಯಯನ ನಡೆಸುತ್ತಾರೆ, ಅಷ್ಟು ವರ್ಷವಾಯಿತು. ಹೊಸದಾಗಿ ಕೂಟ ಶುರು ಮಾಡಿದವರು ನನ್ನನ್ನು ಆಗಾಗ ಕೇಳುತ್ತಾರೆ: ಮೊದಮೊದಲು ಎಲ್ಲರೂ ಹುರುಪಿನಿಂದ ಬರುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸುತ್ತಾರೆ, ನಿಮ್ಮವರು ಹೇಗೆ ಉಳಿದರು ಅಂತ. ನಾನು ಹೇಳುವ ಉತ್ತರ ಒಂದೇ. ನಾವು ಒಂದೊಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ, ಏನೂ ಬಿಡದೆ, ನಿಧಾನವಾಗಿ, ಎಲ್ಲರೂ ಸೇರಿ ಓದಿದೆವು. ನಮ್ಮ ಅನ್ಯೋನ್ಯತೆ ಆ ಓದಿನ ಒಳಗಿಂದಲೇ ಬೆಳೆಯಿತು. ಅದಕ್ಕಾಗಿ ಬೇರೆ ಕಾರ್ಯಕ್ರಮ ಅಂತ ಏನೂ ಮಾಡಲಿಲ್ಲ.

ವಾರಕ್ಕೊಂದು ವಿಷಯ ಆರಿಸಿಕೊಂಡು ಓದುವವರೂ ಇದ್ದಾರೆ. ಅದು ತಪ್ಪಲ್ಲ. ಆದರೆ ವಿಷಯ ಆರಿಸುವವರು ತಮಗೆ ಇಷ್ಟವಾದದ್ದನ್ನೇ ಆರಿಸುತ್ತಾರೆ, ಸಮಾಧಾನ, ನಂಬಿಕೆ, ಆಶೀರ್ವಾದ, ಹೀಗೆ. ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಪುಸ್ತಕದ 42 ಅಧ್ಯಾಯ ಓದೋಣ ಅಂತ ಯಾರೂ ತಾವಾಗಿ ಹೇಳುವುದಿಲ್ಲ, ಅಲ್ವಾ?

ನಾವು ಯೋಬನನ್ನು ಓದುತ್ತಿದ್ದಾಗ ನಮ್ಮಲ್ಲಿ ಒಬ್ಬ ಸಿಸ್ಟರ್ (ಕೂಟದ ಹೆಂಗಸರನ್ನು ಹಾಗೆ ಕರೆಯುತ್ತೇವೆ) ಅವರ ಗಂಡ ತೀರಿಕೊಂಡರು. ಎರಡನೇ ಅಧ್ಯಾಯ ಆಗಲೇ ಮುಗಿದಿತ್ತು. ಯೋಬನ ಮೂವರು ಸ್ನೇಹಿತರು ಬಂದು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತದ್ದು, ಅವನ ದುಃಖ ಎಷ್ಟು ದೊಡ್ಡದು ಅಂತ ನೋಡಿ ಯಾರೂ ಒಂದು ಮಾತೂ ಆಡದೆ ಇದ್ದದ್ದು, ಇದನ್ನೆಲ್ಲ ನಾವು ಮಾತಾಡಿಕೊಂಡಿದ್ದೆವು. ಅದಾದ ಮೇಲೆ ಅದೇ ಸ್ನೇಹಿತರು ಬಾಯಿಬಿಟ್ಟು ಉಪದೇಶಕ್ಕೆ ಇಳಿದದ್ದು ಯೋಬನಿಗೆ ಎಷ್ಟು ನೋವು ಕೊಟ್ಟಿತು ಅನ್ನೋದನ್ನೂ ವಾರವಾರ ಓದುತ್ತಿದ್ದೆವು. ಹಾಗಾಗಿ ಆ ಮನೆಗೆ ಹೋದಾಗ ನಮ್ಮಲ್ಲಿ ಯಾರೂ 'ದೇವರ ಚಿತ್ತ' ಅಂತ ಸುಲಭದ ಮಾತು ಹೇಳಲಿಲ್ಲ. ಸುಮ್ನೆ ಕೂತೆವು. ಮನೆಗೆಲಸ ಮಾಡಿಕೊಟ್ಟೆವು. ಕೆಲವು ವಾರ ಬಿಟ್ಟು ಅವರು ಮತ್ತೆ ಬಂದಾಗ, ಯೋಬನನ್ನು ನಿಲ್ಲಿಸಿ ಬೇರೆ ಏನಾದರೂ ಓದೋಣವಾ ಅಂತ ಕೇಳಿದೆವು. ಬೇಡ, ಇದನ್ನೇ ಓದಿ, ನಾನು ಹೇಳಲಾಗದ್ದನ್ನು ಇವನು ಹೇಳುತ್ತಿದ್ದಾನೆ ಅಂದರು. ಅವತ್ತಿನ ಅಧ್ಯಾಯವನ್ನು ಅವರೇ ಗಟ್ಟಿಯಾಗಿ ಓದಿದರು. ಆ ಪುಸ್ತಕ ನಮ್ಮನ್ನು ಒಬ್ಬರಿಗೊಬ್ಬರು ಎಷ್ಟು ಹತ್ತಿರ ತಂದಿತೆಂದರೆ, ಈಗಲೂ ಯಾರಿಗಾದರೂ ಕಷ್ಟ ಬಂದರೆ ಮೊದಲು ಹೋಗಿ ನಿಲ್ಲುವುದು ಆ ಸಿಸ್ಟರ್.

ಕೂಟದ ಕ್ರಮ ಸರಳ. ಒಂದು ಚಿಕ್ಕ ಪ್ರಾರ್ಥನೆ, ಒಂದು ಹಾಡು. ಆಮೇಲೆ ಅವತ್ತಿನ ಭಾಗವನ್ನು ಸುತ್ತಲೂ ಒಬ್ಬೊಬ್ಬರು ಒಂದೊಂದು ವಾಕ್ಯದಂತೆ ಗಟ್ಟಿಯಾಗಿ ಓದುತ್ತೇವೆ. ಓದು ಬಾರದವರು ಕೇಳುತ್ತಾರೆ, ಅವರ ಸರದಿಯನ್ನು ಪಕ್ಕದವರು ಓದುತ್ತಾರೆ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಅದೇ ಭಾಗವನ್ನು ಇನ್ನೊಂದು ಸಲ ಒಬ್ಬರೇ ಓದುತ್ತಾರೆ. ಎರಡನೇ ಓದಿನಲ್ಲಿ ಕಿವಿಗೆ ಬೀಳುವುದು ಮೊದಲನೆಯದರಲ್ಲಿ ಬೀಳುವುದಿಲ್ಲ. ನಂತರದ ಪ್ರಶ್ನೆಗಳು ಯಾವಾಗಲೂ ಅವೇ: ಇಲ್ಲಿ ಏನು ನಡೆಯಿತು, ಇದು ದೇವರ ಬಗ್ಗೆ ಏನು ತೋರಿಸುತ್ತದೆ, ಈ ವಾರ ನಾನು ಏನು ಮಾಡಬೇಕು. ಕೊನೆಯ ಪ್ರಶ್ನೆಗೆ 'ನಾವು' ಅಂತ ಉತ್ತರ ಕೊಡುವ ಹಾಗಿಲ್ಲ, 'ನಾನು' ಅಂತಲೇ ಹೇಳಬೇಕು. ಈ ಒಂದು ನಿಯಮದಿಂದ ಉಪದೇಶ ಕಡಿಮೆಯಾಗಿ ಜೀವನದ ಮಾತು ಜಾಸ್ತಿಯಾಯಿತು.

ನಡೆಸುವವರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ನಡೆಸುವವರ ಮುಖ್ಯ ಕೆಲಸ ಪ್ರಶ್ನೆ ಕೇಳಿ ಕಾಯುವುದು. ಆ ಮೌನ ಬಹಳ ಉದ್ದ ಅನಿಸುತ್ತದೆ, ತಾವೇ ಉತ್ತರ ಹೇಳಿಬಿಡೋಣ ಅನಿಸುತ್ತದೆ. ಹೇಳಬಾರದು. ನಿಧಾನವಾಗಿ ಯೋಚಿಸುವವರು ಬಾಯಿಬಿಡುವುದು ಆಗಲೇ. ಜಾಸ್ತಿ ಮಾತಾಡುವವರು ಪ್ರತಿ ಕೂಟದಲ್ಲೂ ಇರುತ್ತಾರೆ, ಅವರನ್ನು ಎಲ್ಲರ ಮುಂದೆ ತಡೆಯುವುದಕ್ಕಿಂತ ಆಮೇಲೆ ಬೇರೆಯಾಗಿ ಕೂತು, ನಿಮ್ಮ ಮಾತು ಬೆಲೆಯುಳ್ಳದ್ದು, ಉಳಿದವರಿಂದ ಮಾತು ಹೊರಡಿಸಲು ನನಗೆ ಸಹಾಯ ಮಾಡಿ ಅಂತ ಕೇಳಿಕೊಳ್ಳುವುದು ಒಳ್ಳೆಯದು. ಹಾಗೆ ಕೇಳಿಕೊಂಡ ಒಬ್ಬ ಬ್ರದರ್ ಈಗ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ನಡೆಸುತ್ತಾರೆ.

ಸಮಯಕ್ಕೆ ಮುಗಿಸುತ್ತೇವೆ. ತ್ರೋವ ಅನ್ನೋ ಊರಲ್ಲಿ ಅಪೊಸ್ತಲ ಪೌಲ ಮಧ್ಯರಾತ್ರಿವರೆಗೆ ಮಾತಾಡುತ್ತಿದ್ದಾಗ ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಹುಡುಗ ನಿದ್ದೆ ಹೋಗಿ ಮೂರನೇ ಅಂತಸ್ತಿನಿಂದ ಬಿದ್ದ ಕಥೆ ಅಪೊಸ್ತಲರ ಕೃತ್ಯಗಳು 20ರಲ್ಲಿದೆ. ದಿನವಿಡೀ ದುಡಿದು ಬಂದವರ ಮೈ ದಣಿದಿರುತ್ತದೆ, ಅದನ್ನು ಗೌರವಿಸಬೇಕು. ಮುಗಿದ ಮೇಲೆ ಉಳಿಯುವವರು ಉಳಿಯಲಿ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಆಳವಾದ ಮಾತುಗಳು ನಡೆದದ್ದು ಕೊನೆಯ ಪ್ರಾರ್ಥನೆಯ ನಂತರ, ಚಪ್ಪಲಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತಾಗ. ಆತಿಥ್ಯ ಹೊರೆಯಾಗಬಾರದು ಅಂತ ಊಟ ತಿಂಡಿಯ ಏರ್ಪಾಡನ್ನು ವಾರದ ಕೂಟಕ್ಕೆ ಸೇರಿಸಿಲ್ಲ. ಒಂದು ಮನೆಯಲ್ಲಿ ಹೆಚ್ಚು, ಇನ್ನೊಂದು ಮನೆಯಲ್ಲಿ ಕಡಿಮೆ ಅಂತ ಆದರೆ ಇಲ್ಲದವರು ತಮ್ಮ ಮನೆಗೆ ಕರೆಯಲು ಹಿಂಜರಿಯುತ್ತಾರೆ. ಕೊರಿಂಥ ಊರಿನ ಕ್ರೈಸ್ತ ಸಭೆಯಲ್ಲಿ ಒಬ್ಬನು ಹಸಿದಿರುವಾಗ ಇನ್ನೊಬ್ಬನು ಹೊಟ್ಟೆತುಂಬ ತಿಂದು ಕುಡಿದು, ಇಲ್ಲದವರನ್ನು ನಾಚಿಕೆಪಡಿಸಿದ್ದಕ್ಕೆ ಪೌಲ ಎಷ್ಟು ಖಾರವಾಗಿ ಬರೆದ ಅನ್ನೋದನ್ನು ಓದಿದ ಮೇಲೆ ಮಾಡಿದ ತೀರ್ಮಾನ ಇದು.

ಗುಟ್ಟು ಕಾಪಾಡುವುದರ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಇಲ್ಲಿ ಹೇಳಿದ್ದು ಇಲ್ಲೇ. ಪ್ರಾರ್ಥನೆಯ ನೆಪದಲ್ಲೂ ಹೊರಗೆ ಹೋಗಬಾರದು. 'ಅವರಿಗಾಗಿ ಪ್ರಾರ್ಥಿಸಿ, ಯಾಕೆಂದರೆ...' ಅಂತ ಶುರುವಾಗುವ ಮಾತಿನಿಂದ ಎಷ್ಟು ಕೂಟಗಳು ಒಡೆದಿವೆಯೋ! ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅಂತ ಯಾಕೋಬನ ಪತ್ರಿಕೆ ಹೇಳುತ್ತದೆ. ಆದರೆ ನಂಬಿಕೆ ಇಲ್ಲದ ಜಾಗದಲ್ಲಿ ಯಾರು ಅರಿಕೆ ಮಾಡಿಕೊಳ್ಳುತ್ತಾರೆ? ನಮ್ಮಲ್ಲಿ ಒಬ್ಬರು ತಮ್ಮ ಕುಡಿತದ ವಿಷಯವನ್ನು ಬಾಯಿಬಿಟ್ಟು ಹೇಳಲು ವರ್ಷಗಳೇ ಬೇಕಾದವು.

ಒಂದು ಪ್ರಾರ್ಥನೆಯ ನೋಟ್‌ಬುಕ್ ಇದೆ. ಬೇಡಿಕೆಯ ಎದುರು ಏನಾಯಿತು ಅಂತ ಆಮೇಲೆ ಬರೆಯುತ್ತೇವೆ. ಕೇಳಿದಂತೆ ಆಗದೆ ಇದ್ದದ್ದನ್ನೂ ಬರೆಯುತ್ತೇವೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಬೈಬಲ್‌ನಲ್ಲಿ ಇದೆ.

ಜಗಳ ಬರಲಿಲ್ಲವಾ? ಬಂತು. ನಮ್ಮಲ್ಲಿ ಬೇರೆ ಬೇರೆ ಸಭೆಗಳವರಿದ್ದಾರೆ, ದೀಕ್ಷಾಸ್ನಾನವನ್ನು ಮಗುವಿಗೆ ಕೊಡಬೇಕಾ, ದೊಡ್ಡವರಾಗಿ ನಂಬಿದ ಮೇಲೆ ಕೊಡಬೇಕಾ ಅನ್ನೋದರ ಮೇಲೆ ಮಾತು ಬಿಸಿಯಾಯಿತು. ಒಬ್ಬರು ಎದ್ದು ಹೋಗುವಷ್ಟು. ಮುಂದಿನ ವಾರಗಳಲ್ಲಿ ನಾವು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯವನ್ನು, ಅಭಿಪ್ರಾಯ ಬೇರೆಯಾದರೂ ಒಬ್ಬರಿಗೊಬ್ಬರು ತೀರ್ಪು ಮಾಡಬೇಡಿ ಅಂತ ಹೇಳುವ ಅಧ್ಯಾಯ ಅದು, ವಾಕ್ಯ ವಾಕ್ಯವಾಗಿ ಓದಿದೆವು, ಎದ್ದು ಹೋದವರ ಮನೆಗೆ ಹೋಗಿ ಅವರನ್ನೂ ಕರೆದುಕೊಂಡು ಬಂದು. ಇವತ್ತಿಗೂ ಆ ವಿಷಯದಲ್ಲಿ ಒಪ್ಪಿಗೆ ಆಗಿಲ್ಲ. ಆದರೆ ಎದುರು ಪಕ್ಷದವರ ಕಾರಣವನ್ನು ಅವರು ಒಪ್ಪುವ ಹಾಗೆ ವಿವರಿಸಲು ಇಬ್ಬರಿಗೂ ಬರುತ್ತದೆ. ನನಗೆ ಅಷ್ಟು ಸಾಕು.

ಮನೆಯಲ್ಲಿ ಸೇರಿದರೆ ಸಭೆಯಿಂದ ದೂರವಾಗುತ್ತಾರೆ ಅನ್ನೋ ಭಯ ಕೆಲವು ಪಾಸ್ಟರ್‌ಗಳಿಗೆ ಇದೆ. ಕಾರಣವಿಲ್ಲದ ಭಯವಲ್ಲ, ಅದಕ್ಕೇ ನಾವು ಭಾನುವಾರದ ಆರಾಧನೆಯ ಸಮಯಕ್ಕೆ ಕೂಟ ಇಡುವುದಿಲ್ಲ, ಕಾಣಿಕೆ ಎತ್ತುವುದಿಲ್ಲ. ಆದರೆ ಮನೆ ಅನ್ನೋದು ಕ್ರೈಸ್ತರಿಗೆ ಹೊಸ ಜಾಗವಲ್ಲ. ಪೌಲನ ಕಾಲದಲ್ಲೇ ಪ್ರಿಸ್ಕ, ಅಕ್ವಿಲ ದಂಪತಿಯ ಮನೆಯಲ್ಲಿ ಸಭೆ ಕೂಡುತ್ತಿತ್ತು, ಫಿಲೆಮೋನನ ಮನೆಯಲ್ಲೂ. 1670ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ತಮ್ಮ ಮನೆಯಲ್ಲೇ ಇಂಥ ಕೂಟ ಶುರು ಮಾಡಿದರು, ಅವರೂ ಒಬ್ಬ ಪಾಸ್ಟರ್.

ನನಗೆ ತುಂಬಾ ಪಾಠ ಕಲಿಸಿದ್ದು ಮೆಥಡಿಸ್ಟ್ ಚಳವಳಿ ಶುರು ಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರ 'ತರಗತಿ' ಅನ್ನೋ ಚಿಕ್ಕ ಗುಂಪುಗಳು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಲು ಸುಮಾರು 12 ಜನರಿಗೆ ಒಬ್ಬ ಮುಖಂಡನನ್ನು ಇಟ್ಟು, ಪ್ರತಿಯೊಬ್ಬರಿಂದ ವಾರಕ್ಕೊಂದು ಪೆನ್ನಿ ಕೂಡಿಸುವ ಏರ್ಪಾಡು ಅದು. ಹಣಕ್ಕೆ ಅಂತ ಮನೆ ಮನೆಗೆ ಹೋದವರಿಗೆ ಅಲ್ಲಿನ ಜನರ ಸ್ಥಿತಿ ತಿಳಿಯಿತು, ಏರ್ಪಾಡು ಆತ್ಮದ ಆರೈಕೆಗೆ ತಿರುಗಿತು. ಹೋಗಿ ನೋಡುವುದೇ ದೊಡ್ಡದು. ನಮ್ಮಲ್ಲೂ ಎರಡು ವಾರ ಕಾಣದವರ ಮನೆಗೆ ಯಾರಾದರೂ ಹೋಗಿ ಬರುತ್ತಾರೆ, ಯಾಕೆ ಬರಲಿಲ್ಲ ಅಂತ ವಿಚಾರಿಸಲು ಅಲ್ಲ, ಹೇಗಿದ್ದೀರಿ ಅಂತ ಕೇಳಲು. ಸಂಖ್ಯೆ ಹದಿನೈದು ದಾಟಿದಾಗ ಎರಡು ಮನೆಗೆ ಹಂಚಿಕೊಂಡೆವು. ಕೆಲವರು ಅತ್ತರು. ಆದರೆ ಜನ ತುಂಬಿದಾಗ ಮಾತಾಡದೆ ಕೂರುತ್ತಿದ್ದವರು ಚಿಕ್ಕ ಗುಂಪಿನಲ್ಲಿ ಮತ್ತೆ ಮಾತಾಡಿದರು.

ಶುರು ಮಾಡುವವರು ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ಘಟನೆಗಳು ಬೇಗ ಬೇಗ ಸಾಗುತ್ತವೆ, ಬೈಬಲ್ ಎಂದೂ ಓದದವರಿಗೂ ಹಿಡಿತ ಸಿಗುತ್ತದೆ. ವಾರಕ್ಕೆ ಅರ್ಧ ಅಧ್ಯಾಯ ಸಾಕು. ಅದು ಮುಗಿದ ಮೇಲೆ ಹಳೆಯ ಒಡಂಬಡಿಕೆಯಿಂದ ರೂತಳನ್ನು ತೆಗೆದುಕೊಳ್ಳಿ, ನಾಲ್ಕೇ ಅಧ್ಯಾಯ. ಬಲಿ, ಶುದ್ಧತೆಯ ನಿಯಮಗಳು ತುಂಬಿರುವ ಯಾಜಕಕಾಂಡಕ್ಕೆ ಅವಸರ ಬೇಡ, ಬಿಡಲೂ ಬೇಡ. ನಾವು ಈಗ ಅದರಲ್ಲೇ ಇದ್ದೇವೆ.